ಎಂಟು ಮನೆ, ನಾಲ್ಕು ಸನ್ನೆ

ತಡೀರಿ, ಮೊದಲು ಪೂರ್ತಿ ಕೇಳಿ. ನಿಪ್ಪಾಣಿಯ ಅಂಗಡಿ ಸಾಲಿನಲ್ಲಿ ನನ್ನ ಬಗ್ಗೆ ಈಗಾಗಲೇ ಎರಡು ಮಾತು ಓಡಾಡುತ್ತಿವೆ. ಉಂಡ ಮನೆಗೆ ಎರಡು ಬಗೆದಳು ಅನ್ನುವುದು ಒಂದು. ಹುಡುಗಿಗೆ ತಲೆ ಕೆಟ್ಟಿದೆ ಅನ್ನುವುದು ಇನ್ನೊಂದು. ಎರಡರಲ್ಲಿ ಒಂದನ್ನು ನೀವು ಆರಿಸಿಕೊಳ್ಳುವ ಮುಂಚೆ ನಾನು ಹೇಳುವುದನ್ನು ಕೇಳಿ. ಬೇಗ ಹೇಳಿ ಮುಗಿಸುತ್ತೇನೆ. ನಿಧಾನವಾಗಿ ಹೇಳಲು ನನಗೆ ಬರುವುದೂ ಇಲ್ಲ.

ನನ್ನ ಹೆಸರು ಬ್ರಾಹ್ಮಿ, ಊರು ಬೋರಗಾಂವ. ಚಿಕ್ಕೋಡಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಒಂದೂವರೆ ವರ್ಷದಿಂದ ನಿಪ್ಪಾಣಿಯಲ್ಲಿ ಮಹಾವೀರಣ್ಣನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಸಣ್ಣ ಸಣ್ಣ ಸರ್ಕಿಟ್ ಬೋರ್ಡು ಜೋಡಿಸುವುದು, ಅದರ ಮೇಲಿನ ಚಿಪ್ಪಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವುದು, ಇದೇ ಕೆಲಸ. ಊಟಕ್ಕಿಂತ ಇಷ್ಟದ ಕೆಲಸ ಅಂದರೆ ನಂಬಿ.

ಕೊಲ್ಲಾಪುರದ ಕಡೆಯ ಒಂದು ಕಂಪನಿಯಿಂದ ನಮಗೊಂದು ಆರ್ಡರ್ ಬಂದಿತ್ತು. ಪಾವರ್‌ಲೂಮಿಗೆ ಕೂರಿಸುವ, ಬ್ಯಾಟರಿಯ ಮೇಲೆ ಓಡುವ ಪುಟ್ಟ ಡಬ್ಬಿ. ಮಗ್ಗ ನಿಂತ ಕೂಡಲೇ ಅದು ಕಿವಿಗೆ ಚುಚ್ಚುವ ಹಾಗೆ ಕೂಗುತ್ತದೆ. ಯಾಕೆ ನಿಂತಿತು ಅಂತ ನೇಕಾರರು ಬಟನ್ ಒತ್ತಿ ಹೇಳಬೇಕು, ಆಗ ಕೂಗು ನಿಲ್ಲುತ್ತದೆ, ಹೇಳಿದ್ದು ಮಾಲಕರ ಫೋನಿಗೆ ಹೋಗುತ್ತದೆ. ಕಾರಣಗಳು ನಾಲ್ಕೇ. ಎಳೆ ಹರಿಯಿತು, ಲಾಳಿಯೊಳಗಿನ ಕಾಂಡಿಯ ನೂಲು ತೀರಿತು, ಕರೆಂಟು ಹೋಯಿತು, ಇಲ್ಲವೇ ನೇಕಾರರೇ ನಿಲ್ಲಿಸಿದರು. ಡಬ್ಬಿಯ ಮುಖದ ಮೇಲೆ ಎರಡು ಬೆರಳಗಲದ ಎಲ್‌ಸಿಡಿ ಪರದೆ, ಅದರಲ್ಲಿ ಎರಡು ಸಾಲು, ಸಾಲಿಗೆ ಹದಿನಾರು ಅಕ್ಷರ. ಕೆಳಗೆ ಎರಡು ಬಟನ್. ಹಳದಿ ಒತ್ತಿದರೆ ಮುಂದಿನ ಕಾರಣ ಬರುತ್ತದೆ. ಹಸಿರು ಒತ್ತಿದರೆ, ಆಗ ಪರದೆಯ ಮೇಲೆ ಏನಿದೆಯೋ ಅದೇ ಕಾರಣ ಅಂತ ದಾಖಲಾಗುತ್ತದೆ.

ಆ ಪರದೆಯ ಮೇಲೆ ಅಕ್ಷರ ಮೂಡಿಸುವ ಪ್ರೋಗ್ರಾಮ್ ಬರೆದವಳು ನಾನೇ. ನಾಲ್ಕೂ ಇಂಗ್ಲಿಷ್ ಪದಗಳು: ಆಪರೇಟರ್ ಅಂದರೆ ನೇಕಾರರೇ ನಿಲ್ಲಿಸಿದ್ದು, ಪರ್ನ್ ಅಂದರೆ ಕಾಂಡಿ, ಪವರ್ ಅಂದರೆ ಕರೆಂಟು, ವಾರ್ಪ್ ಅಂದರೆ ಎಳೆ. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದ್ದೆ. ನೋಡಲು ಚೊಕ್ಕವಾಗಿ ಕಂಡಿತು, ಅಷ್ಟೇ ಕಾರಣ. ಆ ಚೊಕ್ಕತನ ಕುಲಸುಂಬಿ ಮಾವಶಿಯ ಕುತ್ತಿಗೆಗೆ ಬಂತು.

ಕುಲಸುಂಬಿ ಮಾವಶಿ ರಕ್ತಸಂಬಂಧದ ಚಿಕ್ಕಮ್ಮ ಅಲ್ಲ, ನಮ್ಮ ಮನೆಯ ಹಿಂದಿನ ಓಣಿಯವಳು. ನಮ್ಮೂರಿನ ಮಾಲಕ ನಿತಿನ ದಾದಾನ ಶೆಡ್ಡಿನಲ್ಲಿ ಮಗ್ಗ ಓಡಿಸುವ ಒಬ್ಬಳೇ ಹೆಂಗಸು. ಉಳಿದ ಹೆಂಗಸರೆಲ್ಲ ಗೋಡೆಗೆ ಬೆನ್ನು ಕೊಟ್ಟು ಕಾಂಡಿಗೆ ನೂಲು ಸುತ್ತುತ್ತಾರೆ. ಮಾವಶಿಯೂ ಅಲ್ಲೇ ಕೂತವಳು. ಹನ್ನೊಂದು ವರ್ಷದ ಹಿಂದೆ ಗಂಡ ಜಾಫರಸಾಬನ ಬೆರಳು ಮಗ್ಗ ತಿರುಗಿಸುವ ಪಟ್ಟಾದಲ್ಲಿ ಸಿಕ್ಕಾಗ, ಎದ್ದು ಬಂದು ಅವನ ಮಗ್ಗದ ಮುಂದೆ ನಿಂತಳು. ಶೆಡ್ಡಿಗೆ ಶೆಡ್ಡೇ ನಕ್ಕಿತಂತೆ. ಮೂರೇ ದಿನಕ್ಕೆ ಓಡಿಹೋಗುತ್ತಾಳೆ ಅಂತ ಚಹದ ಮೇಲೆ ಪಂಥ ಕಟ್ಟಿದ್ದರಂತೆ. ಆರು ತಿಂಗಳಲ್ಲಿ ನಾಲ್ಕು ಮಗ್ಗ ಒಬ್ಬಳೇ ನೋಡತೊಡಗಿದಳು. ಇವತ್ತಿಗೂ ನೋಡುತ್ತಿದ್ದಾಳೆ.

ಪರೀಕ್ಷೆಗೆಂದು ಮೊದಲ ಎಂಟು ಡಬ್ಬಿಗಳನ್ನು ನಾನೇ ಹೋಗಿ ಕೂರಿಸಿದ್ದೆ. ನಾಲ್ಕು ಮಾವಶಿಯ ಮಗ್ಗಗಳಿಗೆ, ನಾಲ್ಕು ಪಕ್ಕದ ಮಲಕಾರಿ ಮಾಮಾನ ಮಗ್ಗಗಳಿಗೆ. ಹದಿನೈದು ದಿನ ಬಿಟ್ಟು ಹೇಗಿದೆ ಅಂತ ಕೇಳಲು ಮಂಗಳವಾರ ಹೋದೆ. ನಿತಿನ ದಾದಾ ಬಾಗಿಲಲ್ಲೇ ಫೋನ್ ಹಿಡಿದು ನಿಂತಿದ್ದ.

"ಬಾ ಬಾ ಬ್ರಾಹ್ಮಿ. ನಿನ್ನ ಡಬ್ಬಿ ಕಣ್ಣ ತೆರಸೈತಿ ನೋಡ. ಮಲಕಾರಿ ಹದಿನೈದ ದಿನದಾಗ ಎಪ್ಪತ್ತ ಸಲ ಮಗ್ಗ ನಿಂದ್ರಿಸ್ಯಾನ. ಕುಲಸುಂಬಿ ಮಾವಶಿ ಎಷ್ಟ ಹೇಳ?"

"ಎಷ್ಟ್ರಿ?"

"ಸಾವಿರದಾ ನಲವತ್ತಾರ! ಎಲ್ಲಾ ಆಪರೇಟರ್. ಒಂದ ದಿನಾನೂ ಬಿಟ್ಟಿಲ್ಲ. ಸೋಮವಾರದಿಂದ ಅಕಿ ಕಾಂಡಿಗೆ ಕುಂದರ್ಲಿ. ಮಗ್ಗ ಬ್ಯಾರೇದವರಿಗೆ ಕೊಡ್ತೇನಿ."

ನಾನು ಫೋನ್ ಇಸಿದುಕೊಂಡು ನೋಡಿದೆ. ಆಪರೇಟರ್ ಸಾವಿರದ ನಲವತ್ತಾರು. ಎಳೆ ಸೊನ್ನೆ, ಕಾಂಡಿ ಸೊನ್ನೆ, ಕರೆಂಟು ಸೊನ್ನೆ.

"ದಾದಾ, ಹದಿನೈದ ದಿನದಾಗ ನಾಕ ಮಗ್ಗದ ಮ್ಯಾಲ ಒಂದ ಕಾಂಡಿನೂ ತೀರಿಲ್ಲೇನ್ರಿ? ಬೋರಗಾಂವದಾಗ ಒಂದ ಸಲಾನೂ ಲೈಟ ಹೋಗಿಲ್ಲೇನ್ರಿ?"

"ಅದೆಲ್ಲಾ ನನಗ ಗೊತ್ತಿಲ್ಲ. ಮಷೀನ ಸುಳ್ಳ ಹೇಳತೈತೇನ?"

ಒಳಗೆ ಓಡಿದೆ. ಅಷ್ಟರಲ್ಲಿ ಮಾವಶಿಯ ಎರಡನೇ ಮಗ್ಗ ನಿಂತಿತು, ಡಬ್ಬಿ ಕೂಗಿತು. ಅವಳು ಒಂದು ಕೈಯಲ್ಲಿ ಹರಿದ ಎಳೆ ಹಿಡಿದುಕೊಂಡೇ, ತಿರುಗಿಯೂ ನೋಡದೆ, ಇನ್ನೊಂದು ಕೈಯಿಂದ ಹಸಿರು ಬಟನ್ ಒತ್ತಿದಳು. ಪರದೆಯಲ್ಲಿ ಮೊದಲು ಬಂದದ್ದು ಯಾವುದು? ಆಪರೇಟರ್. ದಾಖಲಾದದ್ದು ಯಾವುದು? ಆಪರೇಟರ್.

"ಮಾವಶೀ! ಓದದ ಯಾಕ ಒತ್ತತೀ?" ಅಂತ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ.

"ನೀನ ಹೇಳಿದ್ದೆಲ್ಲ ಬೇ! ಕೂಗಿದ್ರ ಹಸರ ಒತ್ತ ಮಾವಶಿ, ಸುಮ್ನಾಗತೈತಿ ಅಂದೀ. ಒತ್ತತೇನಿ, ಸುಮ್ನಾಗತೈತಿ."

ಹೌದು, ಹೇಳಿದ್ದೆ. ಡಬ್ಬಿ ಕೂರಿಸಿದ ದಿನ ಬಸ್ಸಿನ ಹೊತ್ತಾಗಿತ್ತು. ಮಲಕಾರಿ ಮಾಮಾ ಹತ್ತನೆಯ ತರಗತಿ ಓದಿದವನು, ಎರಡೂ ಬಟನ್ ಏನು ಅಂತ ಕೇಳಿ ತಿಳಿದುಕೊಂಡ. ಮಾವಶಿಗೆ ಮಾತ್ರ ಅರ್ಧ ಹೇಳಿ ಓಡಿದ್ದೆ.

ಆವತ್ತೇ ಅಂಗಡಿಗೆ ಹೋಗಿ ಮಹಾವೀರಣ್ಣನ ಮುಂದೆ ನಿಂತೆ. ಅವನು ಬೋರ್ಡಿಗೆ ಬೆಸುಗೆ ಹಾಕುತ್ತ ತಲೆ ಎತ್ತದೆ ನನ್ನ ಮಾತು ಕೇಳಿಸಿಕೊಂಡ.

"ಅಣ್ಣಾ, ಪಟ್ಟಿ ತಿದ್ದೂಣ್ರಿ. ಆಪರೇಟರ್ ಕಡೀಕ ಹಾಕೂಣು. ಮತ್ತ ಕನ್ನಡದಾಗ ಬರಿಯೂಣು."

"ಕನ್ನಡ? ಆ ಪರದೀ ಮ್ಯಾಲ?" ಅವನು ನಕ್ಕ. "ಡಿಪ್ಲೊಮಾದಾಗ ಏನ ಕಲಿಸ್ಯಾರ ನಿನಗ? ಅದರಾಗ ಇಂಗ್ಲಿಷ್ ಕಟ್ಟಿ ಕೊಟ್ಟಿರ್ತಾರ. ನಾವ ಮಾಡೂ ಅಕ್ಷರಕ್ಕ ಜಾಗಾ ಎಂಟ. ಒಂದೊಂದಕ್ಕ ಅಡ್ಡ ಐದ ಚುಕ್ಕಿ, ಉದ್ದ ಎಂಟ ಚುಕ್ಕಿ. ನಿನ್ನ ಕನ್ನಡಕ್ಕ ಹೊಟ್ಟಿ ಐತಿ, ಬಾಲ ಐತಿ, ಕೆಳಗ ಒತ್ತ ಬ್ಯಾರೆ. ಐದ ಚುಕ್ಕ್ಯಾಗ ಹಿಡಿಯೂದಲ್ಲದು. ಹಿಡಿಯೂದಿಲ್ಲ ಅಂದ್ರ ಹಿಡಿಯೂದಿಲ್ಲ."

"ಅದರ ಹೊಟ್ಟ್ಯಾಗ ಜಪಾನಿ ಅಕ್ಷರ ಸುದ್ದಾ ಅದಾವ್ರಿ ಅಣ್ಣಾ. ನಾ ನೋಡೇನಿ. ಬೋರಗಾಂವದಾಗ ಜಪಾನಿ ಓದಾವ್ರು ಎಷ್ಟ ಮಂದಿ ಅದಾರ್ರಿ?"

"ಮಾತ ಭಾಳ ಆತ ನಿಂದು. ಕಂಪನಿ ಇಂಗ್ಲಿಷ್ ಕೇಳೈತಿ, ಇಂಗ್ಲಿಷ್ ಕೊಟ್ಟೇವಿ. ಅರವತ್ತ ಡಬ್ಬಿ ಬ್ಯಾರೆ ಶೆಡ್ಡಿಗೆ ಹೋಗ್ಯಾವ. ಅದನ್ನ ಮುಟ್ಟಬ್ಯಾಡ."

ಹಿಡಿಯುವುದಿಲ್ಲ ಅಂದನಲ್ಲ, ಅದೊಂದು ಮಾತು ಸಾಕಾಯಿತು ನನಗೆ. ನಮ್ಮ ಅಜ್ಜಿ ಪದ್ಮವ್ವ ನನಗೆ ಈ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಆದಿನಾಥ ಮಗಳು ಬ್ರಾಹ್ಮಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಲೋಕದ ಮೊದಲ ಅಕ್ಷರ ಬರೆಸಿದ ಕಥೆಯನ್ನು ನಾನು ಅನ್ನದ ತುತ್ತಿನ ಜೊತೆ ನುಂಗಿ ಬೆಳೆದವಳು. ಅಂಥ ಹೆಸರಿಟ್ಟುಕೊಂಡು ನಾಲ್ಕು ಪದ ಬರೆಯಲಾಗದೆ ಸುಮ್ಮನೆ ಕೂರಬೇಕೇ?

ತಮ್ಮನ ಚೌಕುಳಿ ಪುಸ್ತಕ ಕಸಿದುಕೊಂಡೆ. ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ ಬರೆಯಲು ಕೂತೆ. ಮಹಾವೀರಣ್ಣ ಹೇಳಿದ ಆ ಎಂಟು ಜಾಗಗಳನ್ನು ಎಂಟು ಮನೆ ಅನ್ನಿ. ಒಂದು ಮನೆಗೆ ಒಂದು ಅಕ್ಷರ ಅಂತ ಯಾಕೆ ಅಂದುಕೊಳ್ಳಬೇಕು? ಎಂಟು ಮನೆಗಳನ್ನೂ ಕೂಡಿಸಿದರೆ ಆಯಿತು. ಮೇಲಿನ ಸಾಲಿನಲ್ಲಿ ನಾಲ್ಕು, ಕೆಳಗಿನ ಸಾಲಿನಲ್ಲಿ ನಾಲ್ಕು. ಅಡ್ಡ ಇಪ್ಪತ್ತು ಚುಕ್ಕಿ, ಉದ್ದ ಹದಿನಾರು ಚುಕ್ಕಿಯ ಅಂಗಳ ಸಿಕ್ಕಿತು. ಅದರಲ್ಲಿ ಎರಡು ಮೂರು ಅಕ್ಷರದ ಒಂದು ಪದ ಆರಾಮಾಗಿ ಕೂರುತ್ತದೆ. ಚುಕ್ಕಿ ಇರುವಲ್ಲಿ ಒಂದು, ಇಲ್ಲದಲ್ಲಿ ಸೊನ್ನೆ. ಸೊನ್ನೆ ಒಂದು ಒಂದು ಒಂದು ಸೊನ್ನೆ ಅಂದರೆ ಕ ಅಕ್ಷರದ ತಲೆ. ಹಾಗೆ ಎಂಟು ಸಾಲು ಬರೆದರೆ ಒಂದು ಮನೆ ತುಂಬುತ್ತದೆ. 'ಎಳಿ', 'ಕಾಂಡಿ', 'ಲೈಟ', ನಾನೇ ನಿಲ್ಲಿಸಿದ್ದು ಅನ್ನಲು 'ನಾನ', ಜನ ಆಡುವ ನಾಲ್ಕು ಪದ. ಚಿಪ್ಪಿನ ನೆನಪಿನಲ್ಲಿ ನಾಲ್ಕನ್ನೂ ಇಟ್ಟುಕೊಂಡು, ಹಳದಿ ಒತ್ತಿದಾಗಲೆಲ್ಲ ಅದೇ ಎಂಟು ಮನೆಗಳನ್ನು ಒರೆಸಿ ಹೊಸ ಪದ ತುಂಬುವುದು. ಪಾಟಿಯ ಮೇಲೆ ಬರೆದ ಹಾಗೆ.

ಅಷ್ಟು ಸುಲಭಕ್ಕೆ ಬಗ್ಗಲಿಲ್ಲ ಬಿಡಿ. ಮೊದಲ ಸಲ ಹಾಕಿದಾಗ ಪರದೆಯ ತುಂಬ ಇರುವೆ ಸತ್ತ ಹಾಗೆ ಚುಕ್ಕಿಗಳು. ಮನೆಯೊಳಗೆ ಚುಕ್ಕಿ ತುಂಬಿದ ಮೇಲೆ, ಸಾಕು, ಇನ್ನು ಪರದೆಗೆ ಬಾ ಅಂತ ಅದಕ್ಕೆ ಹೇಳಬೇಕು. ನಾನು ಹೇಳಿರಲಿಲ್ಲ. ಪರದೆಯ ಮೇಲೆ ಬರೆಯಬೇಕಾದದ್ದನ್ನೆಲ್ಲ ಅದು ಮನೆಯೊಳಗೇ ಬರೆದುಕೊಳ್ಳುತ್ತ ಕೂತಿತ್ತು. ಒಂದೇ ಸಾಲು ಸೇರಿಸಿದ ಕೂಡಲೇ 'ಎಳಿ' ಮೂಡಿತು. ಕೂಗಿಬಿಟ್ಟೆ. ಆದರೆ ಇನ್ನೊಂದು ಕಾಟ ಇತ್ತು. ಮನೆಗೂ ಮನೆಗೂ ನಡುವೆ ಪರದೆಯಲ್ಲಿ ಒಂದು ಚುಕ್ಕಿಯಷ್ಟು ಖಾಲಿ ಜಾಗ ಇರುತ್ತದೆ, ಅಲ್ಲಿ ಏನೂ ಮೂಡುವುದಿಲ್ಲ. ಅಕ್ಷರದ ಹೊಟ್ಟೆಯನ್ನು ಅದು ಕುಡುಗೋಲಿನಿಂದ ಸೀಳಿದ ಹಾಗೆ ಸೀಳುತ್ತಿತ್ತು. ಪ್ರತಿ ಅಕ್ಷರವನ್ನೂ ಎರಡು ಚುಕ್ಕಿ ಆಚೆ, ಒಂದು ಚುಕ್ಕಿ ಈಚೆ ಸರಿಸಿ, ಸೀಳು ಎರಡು ಅಕ್ಷರಗಳ ಸಂದಿಯಲ್ಲಿ ಬೀಳುವ ಹಾಗೆ ಮಾಡಲು ಶುಕ್ರವಾರದ ಮಧ್ಯಾಹ್ನ ಆಯಿತು.

ಶನಿವಾರ ಅಂಗಡಿಗೆ ಸೂಟಿ ಹಾಕಿ, ಲ್ಯಾಪ್‌ಟಾಪು, ಚಿಪ್ಪಿಗೆ ಪ್ರೋಗ್ರಾಮ್ ತುಂಬುವ ಕೇಬಲ್ಲು ಚೀಲಕ್ಕೆ ಹಾಕಿಕೊಂಡು ಬೆಳಗ್ಗೆಯೇ ಶೆಡ್ಡಿಗೆ ಹೋದೆ. ಮಾವಶಿಯ ಮೊದಲ ಮಗ್ಗದ ಡಬ್ಬಿ ಬಿಚ್ಚಿ, ಹೊಸ ಪ್ರೋಗ್ರಾಮ್ ಹಾಕಿ, ಮುಚ್ಚಿದೆ. ಪರದೆಯಲ್ಲಿ 'ಎಳಿ' ಮೂಡಿತು. ಎದೆ ಉಬ್ಬಿಸಿಕೊಂಡು ಮಾವಶಿಯನ್ನು ಮುಂದೆ ತಂದು ನಿಲ್ಲಿಸಿದೆ.

"ಓದ ಮಾವಶಿ."

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ತಲೆ ಆ ಕಡೆ ವಾಲಿಸಿದಳು, ಈ ಕಡೆ ವಾಲಿಸಿದಳು.

"ಚಂದ ಐತಿ ಯವ್ವಾ. ಏನಿದು, ಜಿಲೇಬಿ ಇದ್ದಂಗ ಐತಿ?"

"ಏನ ಚಾಷ್ಟಿ ಮಾಡ್ತೀ? ಕನ್ನಡ ಮಾವಶಿ!"

"ಕನ್ನಡೇನ? ನನಗೆಲ್ಲಿ ಬರತೈತಿ ಬೇ ಓದಾಕ! ನನ್ನ ತವರಮನಿ ನದೀ ಆಚೆ ಮಹಾರಾಷ್ಟ್ರದಾಗ. ನಾಕನೆತ್ತಾ ತನಾ ಮರಾಠಿ ಸಾಳಿ ಕಲತೇನಿ. ಬಾಯಾಗ ಕನ್ನಡ, ಕಣ್ಣಾಗ ಮರಾಠಿ ನಂದು."

ಮಲಕಾರಿ ಮಾಮಾ ಮಗ್ಗಕ್ಕೆ ಆತುಕೊಂಡು ನಗತೊಡಗಿದ. "ಇಪ್ಪತ್ತೊಂದ ವರ್ಷ ಹಿತ್ತಲಕ್ಕ ಹಿತ್ತಲ ಹಚ್ಚಿದ ಮನಿ! ಅಕೀ ಕೈಯಾಗಿನ ರಂಜಾನದ ಶಿರಕುರ್ಮಾ ಕುಡದ ಬೆಳದಾಕಿ ನೀ. ಅಕಿ ಯಾವ ಸಾಲಿ ಕಲತಾಳಂತ ಕೇಳಿಲ್ಲೇನ? ಹೋಗ್ಲಿ, ಬರದದ್ದ ಯಾಕ ಕೆಡಸ್ತೀ, ನನ್ನ ಮಗ್ಗಕ್ಕ ಹಾಕ ಅದನ್ನ. ನಾ ಓದ್ತೇನಿ."

ನೆಲ ಬಿರಿದು ನುಂಗಬಾರದೇ ಅನಿಸಿತು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಒಂದೇ ಕಟ್ಟೆಯ ಮೇಲೆ ಕೂತು ಒಂದೇ ಮಾತಾಡುವ ಇಬ್ಬರಲ್ಲಿ ಒಬ್ಬರು ಕನ್ನಡ ಪೇಪರು ಓದಿದರೆ ಇನ್ನೊಬ್ಬರು ಮರಾಠಿ ಪೇಪರು ಓದುತ್ತಾರೆ. ಗೊತ್ತಿದ್ದೂ ಮರೆತೆ. ಮಹಾವೀರಣ್ಣನನ್ನು ಸೋಲಿಸುವ ಹುರುಪಿನಲ್ಲಿ, ಯಾರಿಗಾಗಿ ಬರೆಯುತ್ತಿದ್ದೇನೋ ಅವಳನ್ನೇ ಕೇಳಲಿಲ್ಲ. ಮೊದಲ ಸಲ ಇಂಗ್ಲಿಷಿನಲ್ಲಿ ಮಾಡಿದ ತಪ್ಪನ್ನೇ ಎರಡನೇ ಸಲ ಕನ್ನಡದಲ್ಲಿ ಮಾಡಿದ್ದೆ.

"ಮರಾಠ್ಯಾಗ ಬರೀತೇನಿ, ಎರಡ ತಾಸ ಕೊಡ" ಅಂದೆ.

"ಸಾಳಿ ಬಿಟ್ಟ ಮೂವತ್ತೈದ ವರ್ಷ ಆತ. ಹರದ ಎಳಿ ಹಿಡಕೊಂಡ ಒಂದೊಂದ ಅಕ್ಷರ ಕೂಡಸ್ಕೋತ ನಿಂತ್ರ, ನಿನ್ನ ಡಬ್ಬಿ ನನ್ನ ಕಿವಿ ತಿಂದ ಬಿಡತೈತಿ. ಬ್ಯಾಡ ಬಿಡ. ಸೋಮವಾರ ಕಾಂಡಿಗೆ ಕುಂಡರ್ತೇನಿ."

ಕಾಂಡಿಗೆ ಕೂರುತ್ತೇನೆ ಅನ್ನುವಾಗ ಅವಳು ನನ್ನ ಮುಖ ನೋಡಲಿಲ್ಲ. ಗೋಡೆಯ ಕಡೆ ನೋಡಿದಳು.

ಅಷ್ಟರಲ್ಲಿ ಶೆಡ್ಡಿನ ಆ ತುದಿಯಿಂದ ಯಾರೋ ಮಲಕಾರಿ ಮಾಮಾನಿಗೆ ಕೈ ಮಾಡಿ ಏನೋ ಕೇಳಿದರು. ಮಾಮಾ ಹೆಬ್ಬೆರಳನ್ನು ನೆಟ್ಟಗೆ ಎತ್ತಿ, ಇನ್ನೊಂದು ಕೈಯಿಂದ ಅದನ್ನು ಮೇಲಿನಿಂದ ಕೆಳಗೆ ಸವರಿದ. ಆ ತುದಿಯವರು ತಲೆಯಾಡಿಸಿ ಒಂದು ಬುಟ್ಟಿ ಕಾಂಡಿ ಕಳಿಸಿದರು.

ನಲವತ್ತು ಮಗ್ಗಗಳ ಗದ್ದಲದಲ್ಲಿ ಬಾಯಿ ಮಾತು ಮಗ್ಗುಲಲ್ಲಿ ನಿಂತವರಿಗೆ ಬಿಟ್ಟರೆ ಯಾರಿಗೂ ಕೇಳುವುದಿಲ್ಲ. ಇಲ್ಲಿ ಎಲ್ಲರೂ ಮಾತಾಡುವುದು ಕೈಯಲ್ಲಿ. ಹುಟ್ಟಿದಾಗಿನಿಂದ ನೋಡಿದ್ದೆ, ನೋಡಿಯೂ ಕಂಡಿರಲಿಲ್ಲ.

"ಮಾವಶಿ! ಎಳಿ ಹರೀತು ಅನ್ನಾಕ ಹೆಂಗ ಮಾಡ್ತೀರಿ?"

ಎರಡೂ ತೋರುಬೆರಳುಗಳ ತುದಿ ಮುಟ್ಟಿಸಿ, ಚಟ್ಟನೆ ಬೇರೆ ಮಾಡಿದಳು.

"ಲೈಟ ಹೋತು ಅನ್ನಾಕ?"

ಐದು ಬೆರಳು ತಲೆಯ ಮೇಲೆ ಅರಳಿಸಿ, ಮುಷ್ಟಿ ಮುಚ್ಚಿದಳು.

"ನಾನ ನಿಂದ್ರಿಸಿದ್ನಿ ಅನ್ನಾಕ?"

ಅಂಗೈಯನ್ನು ಎದೆಯ ಮೇಲಿಟ್ಟಳು. "ಚಾ ಕುಡ್ಯಾಕ ಹೋಗೂಮುಂದ" ಅಂತ ಸೇರಿಸಿ ನಕ್ಕಳು.

ಚೌಕುಳಿ ಪುಸ್ತಕ ತೆಗೆದು ಕಿಟಕಿಯ ಪಕ್ಕ ಕೂತೆ. ಅಕ್ಷರ ಅಂದರೆ ಏನು ಹೇಳಿ? ನೋಡಿದ ಕೂಡಲೇ ತಿಳಿಯುವ ಗುರುತು. ಪರದೆಗೆ ಅದು ಕನ್ನಡವೋ ಕೈಯೋ ಗೊತ್ತೇ ಆಗುವುದಿಲ್ಲ, ಅದಕ್ಕೆ ಎಲ್ಲವೂ ಸೊನ್ನೆ ಮತ್ತು ಒಂದು. ನಾನು ಬರೆಯುತ್ತಿದ್ದರೆ ಮಾವಶಿ ಎರಡು ಮಗ್ಗಗಳ ನಡುವೆ ಓಡಾಡುತ್ತಲೇ ಬಂದು ಬಂದು ನೋಡಿ ತಿದ್ದಿಸುತ್ತಿದ್ದಳು.

"ಕೈಬಟ್ಟ ಹಂಗ ದಪ್ಪ ಇರ್ತಾವೇನ? ಬದನೀಕಾಯಿ ಬರದಂಗ ಬರದೀ."

"ಐದ ಚುಕ್ಕ್ಯಾಗ ಇನ್ನೇನ ಮಾಡ್ಲಿ!"

"ಕಾಂಡಿ ಬಟ್ಟ ಇನ್ನೂ ಉದ್ದ ಮಾಡ. ಹಾಂ, ಈಗ ಬಂತು ನೋಡ."

ಎಳೆ ಹರಿದ ಸನ್ನೆ ಬರೆಯುವಾಗ ಒಂದು ಸೋಜಿಗ ಆಯಿತು. ಎಡ ಬೆರಳು ಎರಡನೇ ಮನೆಯಲ್ಲಿ ಮುಗಿಯುತ್ತದೆ, ಬಲ ಬೆರಳು ಮೂರನೇ ಮನೆಯಲ್ಲಿ ಶುರುವಾಗುತ್ತದೆ. ಕನ್ನಡದ ಹೊಟ್ಟೆ ಸೀಳಿ ನನ್ನನ್ನು ಮೂರು ದಿನ ಕಾಡಿದ್ದ ಆ ಖಾಲಿ ಸೀಳು, ಎರಡು ಬೆರಳುಗಳ ಸರಿಯಾಗಿ ನಡುವೆ ಬಂದು ಕೂತಿತು. ಹರಿದ ಎಳೆಯ ಹಾಗೆಯೇ!

ಕ್ರಮವನ್ನೂ ಬದಲಾಯಿಸಿದೆ. ಹೆಚ್ಚು ಸಲ ಆಗುವುದು ಮೊದಲು: ಕಾಂಡಿ, ಎಳೆ, ಕರೆಂಟು. ನಾಲ್ಕನೆಯದನ್ನು ತೆಗೆದೇ ಬಿಡಲೇ ಅಂತ ಕೇಳಿದೆ. ಮಾವಶಿಗೆ ಸಿಟ್ಟೇ ಬಂತು.

"ಯಾಕ ತಗೀತಿ? ನಾ ನಿಂದ್ರಿಸಿದ್ದ ನಾ ಒಪ್ಪಕೊತೇನಿ. ಕಳ್ಳಿ ಅಲ್ಲ ನಾ. ಕಡೀಕ ಇರ್ಲಿ, ಆದ್ರ ಇರ್ಲಿ."

ಕಂಪನಿಗೆ ಹೋಗುವ ಅಂಕಿ ಗುರುತುಗಳನ್ನು ಹಾಗೆಯೇ ಬಿಟ್ಟೆ. ಮಾಲಕರ ಫೋನಿನಲ್ಲಿ ಮೊದಲಿನಂತೆ ಇಂಗ್ಲಿಷಿನಲ್ಲೇ ಕಾಣುತ್ತದೆ. ಹಳದಿ ಯಾಕೆ, ಹಸಿರು ಯಾಕೆ ಅಂತ ಈ ಸಲ ಮಾವಶಿಗೆ ಪೂರ್ತಿ ಹೇಳಿಕೊಟ್ಟೆ. ಹನ್ನೊಂದರ ಹೊತ್ತಿಗೆ ಮಾವಶಿಯ ನಾಲ್ಕೂ ಡಬ್ಬಿಗಳಲ್ಲಿ ಕೈಗಳು, ಮಲಕಾರಿ ಮಾಮಾನ ನಾಲ್ಕರಲ್ಲಿ ಕನ್ನಡ.

ಆಗ ಬಂದ ನಿತಿನ ದಾದಾ.

"ಏನ ನಡಿಸೀರಿ ಇಲ್ಲಿ? ಯಾರನ್ನ ಕೇಳಿ ಡಬ್ಬಿ ಬಿಚ್ಚಿದಿ?"

"ದಾದಾ, ಸಾವಿರದಾ ನಲವತ್ತಾರ ಸಲ ಚೂಕ ಮಾಡಿದಾಕಿ ಮಾವಶಿ ಅಲ್ರಿ, ನಾನು. ಮಷೀನ ಸುಳ್ಳ ಹೇಳಂಗಿಲ್ಲ ಅಂದ್ರೆಲ್ಲ, ಖರೇ. ನಾ ಏನ ಹೇಳಿಕೊಟ್ಟೇನಿ ಅದನ್ನ ಹೇಳತೈತಿ. ನಾ ತಪ್ಪ ಹೇಳಿಕೊಟ್ಟಿದ್ನಿ."

ಅವನು ಪರದೆಯನ್ನು ನೋಡಿ ಮೂಗು ಮುರಿದ. "ಸಣ್ಣ ಹುಡುಗೂರ ಪುಸ್ತಕ ಇದ್ದಂಗ ಐತಿ. ಮಹಾವೀರಗ ಫೋನ ಹಚ್ಚತೇನಿ, ಬಂದ ಹಳೇದ ಹಾಕ್ಲಿ."

ಮಾವಶಿ ಮುಂದೆ ಬಂದಳು. ಕೈಗಂಟಿದ ಹತ್ತಿಯ ಧೂಳನ್ನು ಸೀರೆಗೆ ಒರೆಸಿಕೊಂಡಳು.

"ಹಚ್ಚ ನಿತಿನಪ್ಪಾ. ಅಂವ ಬರೂತನಾ ಇದ ಇರ್ಲಿ. ಸಂಜಿಕ ಐದಕ್ಕ ಎಣಸ. ನನ್ನ ಎದಿ ಮ್ಯಾಲಿನ ಕೈ ಮಲಕಾರೀದಕ್ಕಿಂತ ಒಂದ ಹೆಚ್ಚ ಬಂದಿದ್ರೂ, ಸೋಮವಾರ ಯಾಕ, ಇವತ್ತ ಹೋಗಿ ಕಾಂಡಿಗೆ ಕುಂಡರ್ತೇನಿ. ನೀ ಹೇಳೂದ ಬ್ಯಾಡ."

ಇಡೀ ಶೆಡ್ಡಿಗೆ ಕೈಯಿಂದ ಕೈಗೆ ಸುದ್ದಿ ಹೋಯಿತು. ಆರು ತಾಸು ನಾನು ಅಲ್ಲೇ ನೂಲು ಸುತ್ತುವ ಒಂದು ಖಾಲಿ ಬೀಮಿನ ಮೇಲೆ ಕೂತೆ. ಮಾವಶಿಯ ಮಗ್ಗ ನಿಂತಾಗಲೆಲ್ಲ ಎದ್ದು ಇಣುಕುತ್ತಿದ್ದೆ. ಅವಳು ಪರದೆಯ ಕಡೆ ಒಂದು ಕಣ್ಣು ಹಾಯಿಸುತ್ತಾಳೆ, ಬೇಕಾದರೆ ಹಳದಿ, ಆಮೇಲೆ ಹಸಿರು. ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು. ಮಧ್ಯಾಹ್ನ ಎರಡು ಸಲ ಕರೆಂಟು ಹೋಯಿತು, ನಾಲ್ಕೂ ಡಬ್ಬಿಗಳಲ್ಲಿ ಮುಷ್ಟಿ ಬರುವ ತನಕ ಹಳದಿ ಒತ್ತಿ ಹಸಿರು ಒತ್ತಿದಳು. ಚಹಾ ಕುಡಿಯಲು ಹೋಗುವಾಗ ಎರಡು ಮಗ್ಗ ತಾನೇ ನಿಲ್ಲಿಸಿ, ಎದೆಯ ಮೇಲಿನ ಕೈ ಬರುವ ತನಕ ಒತ್ತಿ ಒತ್ತಿ, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು.

ಐದಕ್ಕೆ ನಿತಿನ ದಾದಾ ಫೋನ್ ತೆಗೆದ. ಮಾವಶಿ: ಕಾಂಡಿ ಮೂವತ್ತೆಂಟು, ಎಳೆ ಹದಿನಾಲ್ಕು, ಕರೆಂಟು ಎಂಟು, ತಾನೇ ನಿಲ್ಲಿಸಿದ್ದು ಎರಡು. ಮಲಕಾರಿ ಮಾಮಾ ತಾನೇ ನಿಲ್ಲಿಸಿದ್ದು ಐದು.

"ತಂಬಾಕ ತಿನ್ನಾಕ ಹೋಗೂದ ಎಣಸ್ತೈತೇನ ಇದು!" ಅಂತ ಮಾಮಾ ಗೋಳಾಡಿದ. ನಿತಿನ ದಾದಾ ನಗಲಿಲ್ಲ. ಫೋನನ್ನು ಎರಡು ಸಲ ನೋಡಿ ಜೇಬಿಗೆ ಹಾಕಿಕೊಂಡ.

ಇಲ್ಲಿಗೆ ಮುಗಿದಿದ್ದರೆ ನಾನು ನಿಮ್ಮನ್ನು ನಿಲ್ಲಿಸಿಕೊಂಡು ಇಷ್ಟು ಹೇಳುತ್ತಿರಲಿಲ್ಲ. ಅಷ್ಟೊತ್ತಿಗೆ ಮಹಾವೀರಣ್ಣನ ಬೈಕು ಬಂತು. ನನ್ನನ್ನು ಬಾಗಿಲ ಹತ್ತಿರ ಕರೆದ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ, ಅದೇ ಕಷ್ಟವಾಯಿತು.

"ತಂಗಿ, ಶ್ಯಾಣೆ ಅದಿ ನೀ, ಒಪ್ಪಿದ್ನಿ. ಈಗ ನನ್ನ ಮಾತ ಕೇಳ. ಕುಲಸುಂಬಿ ಮಗ್ಗ ಅಕೀಗೇ ಇರ್ತಾವ, ನಿತಿನನ ಕಡಿಂದ ನಾ ಮಾತ ತಗೋತೇನಿ. ನೀ ಹಳೇದ ಹಾಕಿ ಬಿಡ. ಹಸರ ಹಳದೀ ಹೆಂಗ ಒತ್ತೂದಂತ ಅಕೀಗೊಬ್ಬಾಕಿಗೆ ಹೇಳಿಕೊಡ. ಮುಗೀತು."

"ಉಳದ ಅರವತ್ತ ಡಬ್ಬಿ?"

"ಅವರೇನ ಕೇಳ್ಯಾರೇನ ನಿನ್ನ? ನಾವ ತಪ್ಪ ಮಾಡೇವಿ ಅಂತ ಕಂಪನಿಗೆ ತಿಳದ್ರ ಮುಂದಿನ ಆರ್ಡರ್ ಹೋತು. ಅಂಗಡಿ ಮುಚ್ಚಬೇಕಾಗ್ತೈತಿ. ನಾ, ನೀ, ಎಲ್ಲಾರೂ ಮನಿಗೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನನಗೆ ಕೆಲಸ ಕಲಿಸಿದವನು. ಬೆಸುಗೆ ಹಾಕುವಾಗ ಕೈ ಸುಟ್ಟುಕೊಂಡ ದಿನ ತಾನೇ ಮುಲಾಮು ಹಚ್ಚಿದವನು. ಮಾವಶಿಯ ಕಡೆ ನೋಡಿದೆ. ಅವಳು ನಮ್ಮ ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಅರವತ್ತ ಡಬ್ಬಿ ಅಂದ್ರ ಹದಿನೈದ ಮಂದಿ" ಅಂದಳು. "ಅವರೂ ನನ್ನಂಗ ಒತ್ತಾಕತ್ತಿರ್ತಾರ."

ಅಷ್ಟೇ ಅಂದು ಒಳಗೆ ಹೋದಳು. ಮೊದಲ ಮಗ್ಗದ ಹಿಡಿ ಎಳೆದು ನಿಲ್ಲಿಸಿದಳು. ಎರಡನೆಯದು. ಮೂರನೆಯದು. ನಾಲ್ಕನೆಯದು. ನಾಲ್ಕು ಡಬ್ಬಿಗಳೂ ಒಟ್ಟಿಗೆ ಕೂಗಿದವು. ಪ್ರತಿಯೊಂದರಲ್ಲೂ ಎದೆಯ ಮೇಲಿನ ಕೈ ಬರುವ ತನಕ ಹಳದಿ ಒತ್ತಿ, ಹಸಿರು ಒತ್ತಿದಳು.

"ಏನ ಮಾಡಾಕತ್ತೀ ಮಾವಶಿ!" ನಿತಿನ ದಾದಾ ಓಡಿ ಬಂದ.

ಅವಳು ಅಂಗೈ ಎತ್ತಿ ಎದೆಯ ಮೇಲಿಟ್ಟುಕೊಂಡು, ಅವನನ್ನೇ ನೋಡುತ್ತ ನಿಂತಳು. 'ನಾನೇ ನಿಲ್ಲಿಸಿದೆ' ಅನ್ನುವ ಸನ್ನೆ, ಆ ಹದಿನೈದು ಮಂದಿಯ ಪರವಾಗಿ. ಪಕ್ಕದಲ್ಲಿ ಮಲಕಾರಿ ಮಾಮಾ ಒಂದು ಕ್ಷಣ ತಲೆ ಕೆರೆದುಕೊಂಡು, ತನ್ನ ಒಂದು ಮಗ್ಗ ನಿಲ್ಲಿಸಿ ಎದೆಯ ಮೇಲೆ ಕೈಯಿಟ್ಟ. "ಆರ ಆತ ನಂದು" ಅಂದ.

ನನಗೆ ಇನ್ನೇನು ಬೇಕಿತ್ತು? ಡಬ್ಬಿಯ ಹಿಂದೆ ಅಂಟಿಸಿದ ಚೀಟಿಯಲ್ಲಿ ಕಂಪನಿಯ ನಂಬರಿತ್ತು. ಫೋನ್ ತೆಗೆದು, ಮಹಾವೀರಣ್ಣನ ಎದುರಿಗೇ ಟೈಪ್ ಮಾಡಿದೆ. ಅರವತ್ತೆಂಟು ಡಬ್ಬಿಗಳಲ್ಲಿ ಕಾರಣಗಳ ಕ್ರಮ ತಪ್ಪಾಗಿದೆ, ಓದದೆ ಒತ್ತಿದವರ ಮೇಲೆಲ್ಲ ತಪ್ಪು ಬೀಳುತ್ತಿದೆ, ಈ ತನಕದ ಲೆಕ್ಕ ನಂಬಬೇಡಿ, ತಪ್ಪು ಮಾಡಿದವಳು ನಾನು, ತಿದ್ದಿದ ಪ್ರೋಗ್ರಾಮ್ ನನ್ನ ಹತ್ತಿರ ಇದೆ, ಅರವತ್ತನ್ನೂ ನಾನೇ ಬಂದು ಬದಲಾಯಿಸಿ ಕೊಡುತ್ತೇನೆ. ಕೆಳಗೆ ಹೆಸರು. ಜೊತೆಗೆ ಪರದೆಯ ಮೇಲಿನ ಕೈಗಳ ಫೋಟೋ.

"ಕಳಸಬ್ಯಾಡ ಬ್ರಾಹ್ಮಿ" ಅಂದ ಮಹಾವೀರಣ್ಣ. ದನಿ ಸಣ್ಣದಾಗಿತ್ತು. "ಕಳಸಿದ್ರ ಸೋಮವಾರ ಅಂಗಡಿ ಕಡೆ ಬರಬ್ಯಾಡ."

ಕಳಿಸಿದೆ.

ಇವತ್ತು ಗುರುವಾರ. ಮಾವಶಿ ತನ್ನ ನಾಲ್ಕು ಮಗ್ಗಗಳ ಮುಂದೆಯೇ ಇದ್ದಾಳೆ, ನಿತಿನ ದಾದಾ ಆ ಮಾತೇ ಎತ್ತಿಲ್ಲ. ಅಂಗಡಿಯ ಬೀಗದ ಕೈ ನಾನು ಸೋಮವಾರವೇ ಕೊಟ್ಟು ಬಂದೆ. ಕಂಪನಿಯಿಂದ ಇನ್ನೂ ಉತ್ತರ ಇಲ್ಲ, ಎರಡು ನೀಲಿ ಗೆರೆ ಮಾತ್ರ ಬಂದಿವೆ. ಓದಿದ್ದಾರೆ, ಸುಮ್ಮನಿದ್ದಾರೆ. ಬೆಳಗ್ಗೆ ಮಹಾವೀರಣ್ಣ ಫೋನ್ ಮಾಡಿದ್ದ. ತಪ್ಪಿ ಕಳಿಸಿದೆ, ಡಬ್ಬಿಗಳು ಸರಿಯಾಗಿವೆ ಅಂತ ಇನ್ನೊಂದು ಮೆಸೇಜ್ ಹಾಕು, ನಾಳೆಯೇ ಕೆಲಸಕ್ಕೆ ಬಾ ಅಂದ. ನಾನು ಆಗುವುದಿಲ್ಲ ಅಂದೆ. ಲ್ಯಾಪ್‌ಟಾಪು, ಕೇಬಲ್ಲು, ಚೌಕುಳಿ ಪುಸ್ತಕ ಚೀಲದಲ್ಲಿವೆ. ಮುಂದಿನ ಓಣಿಯ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೇನೆ, ಒಳಗೆ ಆ ಅರವತ್ತರ ಪೈಕಿ ಡಬ್ಬಿಯೊಂದು ಕೂಗುವುದು ಇಲ್ಲಿಗೇ ಕೇಳುತ್ತಿದೆ. ಈ ಸಲ ಮೊದಲು ಕೇಳುತ್ತೇನೆ, ಆಮೇಲೆ ಬರೆಯುತ್ತೇನೆ.

ಈಗ ನೀವು ಹೇಳಿ. ನನ್ನ ಜಾಗದಲ್ಲಿ ನೀವಿದ್ದಿದ್ದರೆ ತಪ್ಪು ಒಪ್ಪಿಕೊಂಡ ಆ ಮೊದಲ ಮೆಸೇಜ್ ಕಳಿಸುತ್ತಿದ್ದಿರೋ, ಇಲ್ಲ, ಕೂಗು ನಿಂತರೆ ಸಾಕು ಅಂತ ಓದದೆ ಹಸಿರು ಬಟನ್ ಒತ್ತಿ ಸುಮ್ಮನಾಗುತ್ತಿದ್ದಿರೋ?